ಒಂದೇ ಫಾರ್ಮಿಕ್ ಆಸಿಡ್, ಎರಡು ಕೆಲಸ: ನನ್ನ ಅನುಭವ

ಲ್ಯಾಬಿನಲ್ಲಿ ಅಣುವಿನ ನೈಟ್ರೋ ಗುಂಪಿಗೆ (NO₂) ಹೈಡ್ರೋಜನ್ ಕೊಟ್ಟು ಅಮೈನ್ (NH₂) ಮಾಡಬೇಕು, ಆದರೆ ಒತ್ತಡದಲ್ಲಿ ರಿಯಾಕ್ಷನ್ ಮಾಡುವ ಪಾತ್ರೆಯಾದ ಆಟೋಕ್ಲೇವ್ ಖಾಲಿ ಇಲ್ಲ. ಇಂಥ ಹೊತ್ತಲ್ಲಿ ನಾನು ಫಾರ್ಮಿಕ್ ಆಸಿಡ್ ತೆಗೆದುಕೊಳ್ಳುತ್ತೇನೆ. ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಹಾಕ್ತಾರಲ್ಲ, ಅದೇ. ಪಲ್ಲಾಡಿಯಂ ಕಾರ್ಬನ್ ಎಂಬ ಕ್ಯಾಟಲಿಸ್ಟ್ (ರಿಯಾಕ್ಷನ್‌ನ ವೇಗ ಹೆಚ್ಚಿಸುವ ವಸ್ತು) ಮೇಲೆ ಅದು ಹೈಡ್ರೋಜನ್ ಬಿಟ್ಟುಕೊಟ್ಟು, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡಿ. ಚನ್ನೇಗೌಡರ ತಂಡ ಫಾರ್ಮೇಟ್ (ಫಾರ್ಮಿಕ್ ಆಸಿಡ್‌ನ ಲವಣ) ಬಳಸಿ ಹೈಡ್ರೋಜನ್ ಸೇರಿಸುವ ಇಂಥ ರಿಡಕ್ಷನ್‌ಗಳ ಮೇಲೆ ಒಳ್ಳೆಯ ಕೆಲಸ ಮಾಡಿದೆ. ಹೈಡ್ರಜೀನಿಯಂ ಫಾರ್ಮೇಟ್ ಜೊತೆ ರೇನಿ ನಿಕಲ್ ಕ್ಯಾಟಲಿಸ್ಟ್ ಬಳಸಿದ ಅವರ ಪ್ರಬಂಧ 2002ರದು.

ಆದರೆ ಇದೇ ಆಸಿಡ್, ಈಗಷ್ಟೇ ಹುಟ್ಟಿದ ಅಮೈನ್ ಮೇಲೆ ಫಾರ್ಮೈಲ್ ಗುಂಪನ್ನೂ (CHO) ಕೂರಿಸಬಲ್ಲದು. ಮಿಶ್ರಣ ಬೇರ್ಪಡಿಸಿ ಅಣುಗಳ ತೂಕ ತೋರಿಸುವ ಎಲ್‌ಸಿಎಂಎಸ್‌ನಲ್ಲಿ ಅಮೈನ್‌ಗಿಂತ 28 ಜಾಸ್ತಿ ತೂಕದ ಪೀಕ್ ಕಂಡರೆ ಅದೇ ಆಗಿರುತ್ತದೆ. ಬರೀ ಅಮೈನ್ ಬೇಕಾದಾಗ ನಾನು ಟ್ರೈಈಥೈಲ್ ಅಮೈನ್ ಎಂಬ ಕ್ಷಾರ ಸೇರಿಸಿ, ಬಿಸಿ ಕಡಿಮೆ ಇಟ್ಟು, ರಿಯಾಕ್ಷನ್ ಮುಗಿದ ತಕ್ಷಣ ಶೋಧಿಸಿ ಆಸಿಡ್ ತೊಳೆದುಬಿಡುತ್ತೇನೆ. ಆಸಿಡ್ ಇರುವಾಗಲೇ ರೋಟಾದಲ್ಲಿ (ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರ) ಬಿಸಿಯಾಗಿ ಇಂಗಿಸಬಾರದು. ಫಾರ್ಮೈಲ್ ಬೇಕಾದರೆ ಇದಕ್ಕೆ ತದ್ವಿರುದ್ಧ: ಟೊಲೂಯೀನ್‌ನಲ್ಲಿ ಕುದಿಸಿ, ಡೀನ್–ಸ್ಟಾರ್ಕ್ ಎಂಬ ಗಾಜಿನ ಸಾಧನದಲ್ಲಿ ನೀರನ್ನು ಎಳೆಯುತ್ತಾ ಹೋಗುವುದು.

ಎರಡೂ ಬೇಕಾಗುವ ಜಾಗವೆಂದರೆ 2-ನೈಟ್ರೋಅನಿಲೀನ್. ನನಗೆ ತುಂಬಾ ಇಷ್ಟವಾದ ರಿಯಾಕ್ಷನ್ ಇದು. ನೈಟ್ರೋ ಹೋಗಿ ಡೈಅಮೈನ್ ಆಗುತ್ತದೆ, ಒಂದು ನೈಟ್ರೋಜನ್‌ಗೆ ಫಾರ್ಮೈಲ್ ಹತ್ತುತ್ತದೆ, ಪಕ್ಕದ ನೈಟ್ರೋಜನ್ ಅದನ್ನು ಹಿಡಿದು ಉಂಗುರ ಮುಚ್ಚುತ್ತದೆ. ಕೈಗೆ ಸಿಗುವುದು ಬೆಂಜಿಮಿಡಜೋಲ್.

ಮಾಡುವ ಬಗೆ ಹೀಗೆ: ನೈಟ್ರೋಜನ್ ಹರಿಸಿದ ಫ್ಲಾಸ್ಕಿಗೆ ಮೊದಲು ಒದ್ದೆ ಕ್ಯಾಟಲಿಸ್ಟ್, ಆಮೇಲೆ ಮೆಥನಾಲ್. ಒಣ ಪಲ್ಲಾಡಿಯಂ ಮೇಲೆ ಮೆಥನಾಲ್ ಆವಿ ಬಿದ್ದರೆ ಬೆಂಕಿ ಹತ್ತಬಹುದು. ನಂತರ ನೈಟ್ರೋಅನಿಲೀನ್, ಅಮೋನಿಯಂ ಫಾರ್ಮೇಟ್, ಕೊನೆಗೆ ಆಸಿಡ್, ಹನಿ ಹನಿಯಾಗಿ. ಅವಸರ ಬೇಡ. 10 ಗ್ರಾಂ ನೈಟ್ರೋಅನಿಲೀನ್‌ಗೇ 5 ಲೀಟರ್‌ಗಿಂತ ಹೆಚ್ಚು ಗ್ಯಾಸ್ ಬರುತ್ತದೆ. ಫ್ಯೂಮ್ ಹುಡ್ ಇಲ್ಲದೆ, ಬಾಯಿ ಮುಚ್ಚಿದ ಪಾತ್ರೆಯಲ್ಲಿ ಇದನ್ನು ಮಾಡುವ ಮಾತೇ ಇಲ್ಲ. ರಿಯಾಕ್ಷನ್ ಎಲ್ಲಿಗೆ ಬಂತೆಂದು ನೋಡುವ ಟಿಎಲ್‌ಸಿ (ತೆಳು ಪದರದ ಕ್ರೊಮ್ಯಾಟೋಗ್ರಫಿ) ಸುಲಭ: ನೈಟ್ರೋಅನಿಲೀನ್‌ನ ಹಳದಿ ಸ್ಪಾಟ್ ಯುವಿ ದೀಪ ಇಲ್ಲದೆಯೂ ಕಾಣುತ್ತದೆ. ಅದು ಮಾಯವಾದರೆ ಮೊದಲ ಹಂತ ಮುಗಿಯಿತು.

ಸೆಲೈಟ್ ಎಂಬ ಶೋಧಕ ಪುಡಿಯ ಮೇಲೆ ಶೋಧಿಸುವಾಗ ಕ್ಯಾಟಲಿಸ್ಟ್ ಒಣಗಲು ಬಿಡುವುದಿಲ್ಲ, ಕೂಡಲೇ ನೀರು ಹಾಕುತ್ತೇನೆ. ಮೆಥನಾಲ್ ತೆಗೆದು, ಹೆಚ್ಚಿನ ಫಾರ್ಮಿಕ್ ಆಸಿಡ್ ಜೊತೆ ಸುಮಾರು 100 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತೇನೆ. ತಣ್ಣಗಾದ ಮೇಲೆ ಕಾಸ್ಟಿಕ್ ಸೋಡಾ ದ್ರಾವಣ ಹಾಕುತ್ತಾ ಹೋದರೆ ಘನ ಬೀಳುತ್ತದೆ. ಕುದಿಯುವ ನೀರಿನಲ್ಲಿ ಕರಗಿಸಿ, ಇದ್ದಿಲು ಹಾಕಿ ಶೋಧಿಸಿ, ಮತ್ತೆ ಹರಳುಗಟ್ಟಿಸಿದರೆ ಬಿಳಿ ಹರಳು. ಕರಗುವುದು 170–172 ಡಿಗ್ರಿಯಲ್ಲಿ.

ನಿಮ್ಮ ಅಣುವಿನಲ್ಲಿ ಕ್ಲೋರಿನ್ ಇದ್ದರೆ ಸ್ವಲ್ಪ ಹುಷಾರು. ಪಲ್ಲಾಡಿಯಂ–ಫಾರ್ಮೇಟ್ ಜೋಡಿ ಅದನ್ನೂ ಕಿತ್ತುಹಾಕಬಹುದು.

ಉಂಗುರ ಮುಚ್ಚದ ಫಾರ್ಮನಿಲೈಡ್‌ಗಳ (ಅನಿಲೀನ್‌ಗೆ ಫಾರ್ಮೈಲ್ ಹತ್ತಿದ ಅಣುಗಳು) ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಪೀಕ್‌ಗಳು ಎರಡೆರಡಾಗಿ ಕಂಡರೆ ಗಾಬರಿಯಾಗಿ ಮತ್ತೆ ಶುದ್ಧ ಮಾಡಲು ಕಾಲಂಗೆ ಹಾಕಬೇಡಿ. ಅಮೈಡ್ ಬಂಧ ಸುಲಭವಾಗಿ ತಿರುಗುವುದಿಲ್ಲ, ಹಾಗಾಗಿ ಒಂದೇ ಅಣು ಎರಡು ಭಂಗಿಯಲ್ಲಿ ಕಾಣಿಸುತ್ತದೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಬಿಸಿ ಮಾಡಿ ಮತ್ತೊಮ್ಮೆ ತೆಗೆಸಿ. ಆ ಜೋಡಿ ಪೀಕ್‌ಗಳು ಅಗಲವಾಗಿ ಒಂದಕ್ಕೊಂದು ಹತ್ತಿರ ಬರುತ್ತವೆ.