ಮನೆಯಲ್ಲೇ ಸ್ಕೇಟ್‌ಗೆ ಸಾಣೆ: ಮೂರು ಸೀಸನ್‌ನ ನನ್ನ ಅನುಭವ

ಕಳೆದ ಸೀಸನ್ ಪೂರ್ತಿ ನನ್ನದಾಗಲಿ ಮಗನದ್ದಾಗಲಿ ಐಸ್ ಹಾಕಿ ಸ್ಕೇಟ್‌ಗಳನ್ನು ಸಾಣೆಗೆ ಅಂತ ಅಂಗಡಿಗೆ ಕೊಟ್ಟಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಇಬ್ಬರದ್ದೂ ಸೇರಿ ಹೆಚ್ಚುಕಮ್ಮಿ ನಲವತ್ತು ಸಲ ನಾನೇ ಗ್ಯಾರೇಜಿನಲ್ಲಿ ಕೂತು ಸಾಣೆ ಹಿಡಿದಿದ್ದೇನೆ. ಮೆಷಿನ್ ಇಲ್ಲ. ಒಂದು ಮರದ ತುಂಡು, ಒಂದು ಅಲ್ಯೂಮಿನಿಯಂ ರಾಡು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್). ಇಷ್ಟೇ.

ರಿಂಕ್‌ನಲ್ಲಿ ಸಾಣೆ ಹಿಡಿಯುವವರು ತಲೆ ಅಲ್ಲಾಡಿಸಿದ್ದರು. ಮನೆಯವರು "ಹತ್ತು ಡಾಲರ್ ಉಳಿಸೋಕೆ ಹೋಗಿ ಕಾಲು ಮುರ್ಕೋಬೇಡ" ಅಂದಿದ್ದರು. ಈಗ ನಮ್ಮ ಟೀಮಿನ ಮೂರು ಜನ ಪ್ರಾಕ್ಟೀಸ್‌ಗೆ ಬರುವಾಗ ಬ್ಲೇಡ್ ಕಳಚಿ ತಂದು ನನ್ನ ಕೈಗೆ ಕೊಡುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಾವಿರುವುದು ಕೆನಡಾದ ಒಟ್ಟಾವಾದಲ್ಲಿ. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. 38ನೇ ವಯಸ್ಸಿನಲ್ಲಿ ಮಗನನ್ನು ಹಾಕಿಗೆ ಸೇರಿಸಿದ ಮೇಲೆ ನಾನೂ ಹೆಂಗಸರ ಲೀಗ್‌ಗೆ ಸೇರಿದೆ.

ಸಾಣೆಗೂ ಮೊದಲು ಬೂಟಿನ ಕಥೆ ಹೇಳಲೇಬೇಕು. ಬೂಟು ಸರಿಯಿಲ್ಲದಿದ್ದರೆ ಎಷ್ಟು ಹರಿತ ಮಾಡಿದರೂ ಪ್ರಯೋಜನ ಇಲ್ಲ. ನನ್ನ ಚಪ್ಪಲಿ ಸೈಜು ಹೆಂಗಸರ 8. ಹಾಕಿ ಸ್ಕೇಟ್‌ಗೆ ಮೊದಲು ಅದನ್ನು ಗಂಡಸರ ಸೈಜಿಗೆ ತರಬೇಕು, ಅಂದರೆ 6.5. ಅದರಿಂದ ಮತ್ತೆ ಒಂದು, ಒಂದೂವರೆ ಕಳೆಯಬೇಕು. ನಾನು ಆ ಎರಡನೇ ಕಳೆಯುವ ಲೆಕ್ಕ ಬಿಟ್ಟು 6.5ನ್ನೇ ಸೆಕೆಂಡ್‌ಹ್ಯಾಂಡ್‌ನಲ್ಲಿ 150 ಡಾಲರ್ ಕೊಟ್ಟು ತಂದೆ. ಒಂದು ವರ್ಷ ಅದರೊಳಗೆ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿಕೊಂಡು ಒದ್ದಾಡಿದೆ. ಹಿಮ್ಮಡಿ ಒಳಗೆ ಏಳುತ್ತಿತ್ತು. ಅದನ್ನು ತಡೆಯೋಕೆ ಲೇಸ್ ಬಿಗಿದರೆ ಪಾದದ ಮೇಲ್ಭಾಗ ಉರಿಯುತ್ತಿತ್ತು.

ಎರಡನೇ ಸಲ ಅಂಗಡಿಯವರು ನನ್ನ ಪಾದ ನೋಡಿ ಸೀದಾ ಇಇ ಅನ್ನೋ ಹೆಚ್ಚು ಅಗಲದ ಬೂಟು ಕೊಟ್ಟರು. ಬರಿಗಾಲಲ್ಲಿ ಓಡಾಡಿ ಬೆಳೆದವಳು ನಾನು, ಮುಂಪಾದ ಅಗಲವೇ. ಆದರೆ ಹಿಮ್ಮಡಿ ಸಣ್ಣದು! ಇಇ ಹಾಕಿದರೆ ಬೆರಳಿಗೆ ಹಿತ, ಹಿಮ್ಮಡಿ ಮತ್ತೆ ಅಲ್ಲಾಡುತ್ತೆ. ಕೊನೆಗೆ ಸೈಜು 5, ಅಗಲ ಡಿ, ಅಂದರೆ ಸಾಧಾರಣ ಅಗಲದ್ದು ತೆಗೆದುಕೊಂಡೆ. ಓವನ್‌ನಲ್ಲಿ ಬೂಟು ಕಾಯಿಸಿ ಪಾದದ ಆಕಾರಕ್ಕೆ ಕೂರಿಸಿದ ಮೇಲೆ, ಕಿರುಬೆರಳಿನ ಗೆಣ್ಣು ತಾಗುವ ಜಾಗವನ್ನು ಮಾತ್ರ ಹೊರಕ್ಕೆ ತಳ್ಳಿಸಿದೆ. ಎರಡೂ ಬೂಟಿಗೆ ಸೇರಿ 30 ಡಾಲರ್ ಆಯಿತು ಅಂತ ನೆನಪು. ಒಂದು ಸಲಕ್ಕೆ ಸಾಕಾಗಲಿಲ್ಲ, ಎರಡು ಸಲ ತಳ್ಳಿಸಬೇಕಾಯಿತು. ಆಮೇಲೆ ಇವತ್ತಿನವರೆಗೆ ಗುಳ್ಳೆ ಎದ್ದಿಲ್ಲ. ಲೇಸ್ ಉರಿಗೆ ಮದ್ದು ಬೇರೇನೂ ಬೇಕಾಗಲಿಲ್ಲ. ಪಾದ ಮಡಚುವ ಜಾಗದ ಒಂದು ಜೊತೆ ತೂತು ಬಿಟ್ಟು ಲೇಸ್ ಹಾಕುತ್ತೇನೆ, ಅಷ್ಟೇ.

ಒಂದು ಮಾತು ನಮ್ಮವರಿಗೆ. ಮಕ್ಕಳಿಗೆ "ಹೇಗಿದ್ರೂ ಬೆಳೀತಾರಲ್ವಾ" ಅಂತ ಒಂದು ಸೈಜು ದೊಡ್ಡದು ತರಬೇಡಿ. ಸ್ಕೂಲ್ ಶೂಗೆ ಆ ಲೆಕ್ಕ ಸರಿ. ಇಲ್ಲಿ ಮಗು ಸೀಸನ್ ಪೂರ್ತಿ ಕಣಕಾಲು ಒಳಕ್ಕೆ ಬಾಗಿಸಿಕೊಂಡೇ ಸ್ಕೇಟ್ ಮಾಡುತ್ತೆ, ಎಲ್ಲರೂ ಸೇರಿ ಮಗುವಿನ ಕಾಲಿಗೇ ಬಲ ಇಲ್ಲ ಅಂತಾರೆ. ನನ್ನ ಮಗನಿಗೆ ನಾನೇ ಹೀಗೆ ಮಾಡಿದ್ದೆ. ಸರಿಯಾದ ಸೈಜು ಹಾಕಿಸಿದ ಎರಡನೇ ವಾರಕ್ಕೆ ಅವನು ಹಿಂದಕ್ಕೆ ಸ್ಕೇಟ್ ಮಾಡಿದ. ಆಗಿನ ನನ್ನ ಸಂಕಟ ನನಗೇ ಗೊತ್ತು.

ಈಗ ಸಾಣೆ. ಬ್ಲೇಡ್‌ನ ತಳದಲ್ಲಿ ಉದ್ದಕ್ಕೂ ಒಂದು ಉರುಟು ತೋಡು ಇರುತ್ತೆ, ಅದರ ಬಾಗಿನ ತ್ರಿಜ್ಯವನ್ನು ಇಂಚಿನಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟು ತೋಡು ಆಳ, ಹಿಡಿತ ಜಾಸ್ತಿ, ಜಾರಿಕೆ ಕಮ್ಮಿ. ಕೇಳದಿದ್ದರೆ ಅಂಗಡಿಯಲ್ಲಿ ಎಲ್ಲರಿಗೂ 1/2 ಇಂಚು. ನಾನು 62 ಕೆಜಿ, ಮಗ 28. ಇಬ್ಬರಿಗೂ ಒಂದೇ ತೋಡು ಹೇಗೆ ಸರಿಹೋಗುತ್ತೆ? ಅದೂ ಒಂದು ವಾರ ಒಬ್ಬ ಹುಡುಗ ಹಿಡಿದದ್ದು ಒಂದು ತರ, ಮುಂದಿನ ವಾರ ಇನ್ನೊಬ್ಬ ಹಿಡಿದದ್ದು ಇನ್ನೊಂದು ತರ. ಒಂದು ಶನಿವಾರ ಮಗ ಐಸ್ ಮೇಲೆ ಕಾಲಿಟ್ಟವನು ಮೊದಲ ತಿರುವಿನಲ್ಲೇ ಬಿದ್ದ, ಮತ್ತೆ ಎದ್ದ, ಮತ್ತೆ ಬಿದ್ದ. ಬೆಂಚಿಗೆ ಬಂದಾಗ ನೋಡಿದರೆ ಬಲಗಾಲಿನ ಬ್ಲೇಡ್‌ನ ಒಳಅಂಚು ಹೊರಅಂಚಿಗಿಂತ ಎತ್ತರ ಇತ್ತು. ಅವತ್ತೇ ತೀರ್ಮಾನ ಮಾಡಿದೆ.

ಸಾಣೆ ನನಗೆ ಹೊಸದಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮಸೆಯುವುದು ಅಪ್ಪಯ್ಯನ ಕೆಲಸ, ನೀರು ಚಿಮುಕಿಸುವುದು ನನ್ನ ಕೆಲಸ. ವಿಡಿಯೋ ಕಾಲ್‌ನಲ್ಲಿ ಬ್ಲೇಡ್ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಎರಡು ಬಾಯಾ?" ಹೌದು, ಎರಡು ಬಾಯಿ, ನಡುವೆ ತೋಡು. 3 ಮಿಲಿಮೀಟರ್ ಅಗಲದಲ್ಲಿ ಇಷ್ಟೂ ಆಗಬೇಕು.

ಉಪಾಯ ಇದು. 1/2 ಇಂಚು ತೋಡು ಅಂದರೆ ಒಂದು ಇಂಚು ದಪ್ಪದ ಉರುಟು ರಾಡಿನ ಮೈ. 5/8 ಬೇಕಾದರೆ ಒಂದೂಕಾಲು ಇಂಚಿನ ರಾಡು. 7/16ಕ್ಕೆ 7/8 ಇಂಚಿನದು. ರಾಡಿಗೆ ವಾಟರ್ ಪೇಪರ್ ಸುತ್ತಿ, ಬ್ಲೇಡ್‌ನ ಉದ್ದಕ್ಕೆ ಎಳೆದರೆ ತೋಡು ತಾನಾಗಿ ಬರುತ್ತೆ. ಪೇಪರ್‌ನ ದಪ್ಪ ಸೇರಿಸಬೇಕಾ ಅಂತ ಒಂದು ರಾತ್ರಿ ಲೆಕ್ಕ ಹಾಕುತ್ತಾ ಕೂತಿದ್ದೆ. ಬೇಕಾಗಿಲ್ಲ. 1/2ಕ್ಕೂ 5/8ಕ್ಕೂ ತೋಡಿನ ಆಳದಲ್ಲಿ ಇರುವ ವ್ಯತ್ಯಾಸವೇ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಎರಡು ಪಾಲಿನಷ್ಟು. ಅಷ್ಟು ಕಮ್ಮಿಯನ್ನು ನಮ್ಮ ಕಾಲು ಗುರುತು ಹಿಡಿಯುತ್ತೆ ಅನ್ನೋದೇ ನನಗೆ ಇವತ್ತಿಗೂ ಆಶ್ಚರ್ಯ.

ರಾಡು ಬ್ಲೇಡ್‌ನ ನಟ್ಟನಡುವೆ ಕೂರಬೇಕು. ಅದಕ್ಕೆ ಮೇಪಲ್ ಮರದ ಒಂದು ತುಂಡು. ಅದರ ಕೆಳಗೆ ಬ್ಲೇಡ್ ಬಿಗಿಯಾಗಿ ಹೋಗುವಷ್ಟು ಸೀಳು, ಮೇಲೆ ರಾಡು ಕೂರುವ ಹಳ್ಳ. ಬ್ಲೇಡ್ ಕಳಚಿ ತಲೆಕೆಳಗಾಗಿ ವೈಸ್‌ಗೆ ಕಚ್ಚಿಸಿ, ತುಂಡನ್ನು ಅದರ ಮೇಲೆ ಕೂರಿಸಿ ಎಳೆಯುವುದು.

ಮೊದಲ ತುಂಡು ಎರಡು ತಿಂಗಳು ಬಂತು. ಮರದ ಸೀಳು ಸವೆದು ತುಂಡು ಓಲಾಡತೊಡಗಿತು, ಅಂಚು ಓರೆ ಆಯಿತು, ಎಡಗಾಲು ನಾನು ಹೇಳಿದ ಕಡೆ ಹೋಗದೆ ಒಳಕ್ಕೆ ಎಳೆಯುತ್ತಿತ್ತು. ಸೀಳಿನ ಎರಡೂ ಗೋಡೆಗೆ ಅಲ್ಯೂಮಿನಿಯಂ ತಗಡು ಕೂರಿಸಿದ ಮೇಲೆ ಸರಿಹೋಯಿತು. ಮೊದಲು ರಾಡು ಕೂಡ ಮರದ್ದೇ ಇತ್ತು. ನೀರು ಕುಡಿದು ಉಬ್ಬಿ ಮೊಟ್ಟೆ ಆಕಾರಕ್ಕೆ ಬಂತು, ಎಸೆದೆ.

ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ತುದಿಯಲ್ಲಿ. ಬ್ಲೇಡ್‌ನ ತುದಿ ಹೊಳೆಯುತ್ತಿಲ್ಲ ಅಂತ ಅಲ್ಲಿ ಹತ್ತು ಎಳೆತ ಜಾಸ್ತಿ, ಹಿಂದೆ ಹತ್ತು ಜಾಸ್ತಿ. ಹೀಗೆ ಐದಾರು ವಾರ. ಬ್ಲೇಡ್‌ನ ಮುಂದಿನಿಂದ ಹಿಂದಿನವರೆಗಿನ ಉದ್ದದ ಬಾಗು ಕೆಟ್ಟೇ ಹೋಯಿತು. ಮುಂಗಾಲಿಂದ ಒದ್ದು ಹೊರಟರೆ ಕೆಳಗೆ ಏನೂ ಸಿಗುತ್ತಿರಲಿಲ್ಲ. 254 ಮಿಲಿಮೀಟರ್ ಅಳತೆಯ ಹೊಸ ಬ್ಲೇಡ್ ಜೊತೆಯೊಂದಕ್ಕೆ 110 ಡಾಲರ್ ಹೋಯಿತು. ಆಮೇಲಿಂದ ಒಂದು ಎಳೆತ ಅಂದರೆ ಮುಂದಿನ ತುದಿಯಿಂದ ಹಿಂದಿನ ತುದಿಗೆ, ಪೂರ್ತಿ, ಒಂದೇ ಕಡೆಗೆ. ನಡುವೆ ನಿಲ್ಲಿಸುವ ಹಾಗಿಲ್ಲ. ಅಪ್ಪಯ್ಯ ಫೋನಿನಲ್ಲಿ ಹೇಳಿದ್ದೂ ಅದನ್ನೇ: "ಅವಸರ ಮಾಡಡ ಕೂಸೇ, ಕಲ್ಲೇ ಕೆಲಸ ಮಾಡ್ತು."

ಈಗಿನ ಲೆಕ್ಕ ಹೇಳುತ್ತೇನೆ. ಬ್ಲೇಡ್‌ನ ತಳಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. 400ರ (ಸಂಖ್ಯೆ ಹೆಚ್ಚಿದಷ್ಟು ನುಣುಪು) ಪೇಪರ್‌ನಲ್ಲಿ ನಾಲ್ಕು ಎಳೆತ ಎಳೆದು ಲೈಟಿನ ಕೆಳಗೆ ನೋಡಿ. ಕಪ್ಪು ನಡುವೆ ಮಾತ್ರ ಹೋಗಿ ಅಂಚಿನಲ್ಲಿ ಉಳಿದಿದ್ದರೆ ಇನ್ನೂ ಕೆಲಸ ಇದೆ. ಒಂದು ಅಂಚಲ್ಲಿ ಉಳಿದು ಇನ್ನೊಂದರಲ್ಲಿ ಹೋಗಿದ್ದರೆ ರಾಡು ನಡುವೆ ಕೂತಿಲ್ಲ, ಅಲ್ಲೇ ನಿಲ್ಲಿಸಿ. ಎಲ್ಲ ಕಡೆ ಸಮನಾಗಿ ಹೋಗೋಕೆ ನನಗೆ ಇಪ್ಪತ್ತು ಇಪ್ಪತ್ತೈದು ಎಳೆತ ಬೇಕು. ಆಮೇಲೆ 1000ದಲ್ಲಿ ಹತ್ತು. ಇಷ್ಟಾದಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಸಿಬಿರು ಎದ್ದಿರುತ್ತೆ. ಉಗುರನ್ನು ಅಡ್ಡಡ್ಡ ಎಳೆದರೆ ತಾಗುತ್ತೆ. ನುಣ್ಣನೆ ಕಲ್ಲನ್ನು ಬ್ಲೇಡ್‌ನ ಪಕ್ಕಕ್ಕೆ ಚಪ್ಪಟೆಯಾಗಿ ಇಟ್ಟು ಹಗುರಾಗಿ ಸವರಿ, ಕೊನೆಗೆ ಹಳೇ ಬೆಲ್ಟ್‌ನ ಚರ್ಮ. ಒಂದು ಜೊತೆಗೆ ಇಪ್ಪತ್ತು ನಿಮಿಷ. ತೋಡನ್ನೇ ಬದಲಾಯಿಸುವುದಾದರೆ 220ರಿಂದ ಶುರು, ಒಂದು ಗಂಟೆ ಮೇಲೆ ಹಿಡಿಯುತ್ತೆ, ತೋಳು ಬಿದ್ದುಹೋಗುತ್ತೆ.

ರಾಡನ್ನು ನಡುವೆ ಕೂರಿಸೋಕೆ ಸೀಳಿನ ಪಕ್ಕ ನಾನು ಏನು ಸಿಕ್ಕಿಸುತ್ತೇನೆ, ಚರ್ಮಕ್ಕೆ ಏನು ಸವರುತ್ತೇನೆ ಅನ್ನೋದನ್ನು ಬರೆಯುವುದಿಲ್ಲ. ಅದಕ್ಕೆ ಒಂದು ಚಳಿಗಾಲವನ್ನೇ ಕೊಟ್ಟಿದ್ದೇನೆ. ನೀವೂ ಹುಡುಕಿ, ಸಿಗುತ್ತೆ.

ಮಗನಿಗೆ ಮೊದಲು 3/8 ಮಾಡಿದ್ದೆ, ಹಗುರ ಹುಡುಗ ಅಂತ. ತಿರುವಿನಲ್ಲಿ ಹುಲಿ. ಆದರೆ ನಿಲ್ಲೋಕೆ ಹೋದರೆ ಬ್ಲೇಡ್ ಐಸ್‌ಗೆ ಕಚ್ಚಿಕೊಂಡು ಮುಗ್ಗರಿಸುತ್ತಿದ್ದ. 7/16ಕ್ಕೆ ಬಂದ ಮೇಲೆ ಎರಡೂ ಸರಿ. ನನಗೆ 5/8. ಪಂದ್ಯದ ಕೊನೆಯ, ಮೂರನೇ ಪೀರಿಯಡ್‌ನಲ್ಲಿ ತೊಡೆ ಸೋಲುವುದು ಕಮ್ಮಿಯಾಗಿದೆ, ಇದು ನನ್ನ ಕಲ್ಪನೆ ಅಲ್ಲ.

ಕಾಲುವೆಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ರಿಡೋ ಕಾಲುವೆ ಹೆಪ್ಪುಗಟ್ಟಿದರೆ 7.8 ಕಿಲೋಮೀಟರ್ ಸ್ಕೇಟ್ ಮಾಡಬಹುದು. 2022-23ರ ಚಳಿಗಾಲದಲ್ಲಿ ಮಾತ್ರ ಅದು ತೆರೆಯಲೇ ಇಲ್ಲ. ಉದ್ದಕ್ಕೆ ಜಾರುವುದು ತಾನೇ ಅಂತ ಹಳೇ ಬ್ಲೇಡ್‌ಗೆ ಆಳ ಕಮ್ಮಿಯ ತೋಡು ಮಾಡಿಕೊಂಡು ಹೋದೆ. ಮೈನಸ್ 20ರಲ್ಲಿ ಆ ಐಸ್ ಕಲ್ಲು. ಬ್ಲೇಡ್ ಕಚ್ಚುವುದೇ ಇಲ್ಲ, ಪಕ್ಕಕ್ಕೆ ಜಾರುತ್ತೆ. ಮುಂದಿನ ವಾರ 1/2 ಮಾಡಿದೆ, ಆರಾಮಾಯಿತು. ಆದರೆ ಬಿರುಕು, ಮರಳು ತಾಗಿ ಅಂಚು ಹಲ್ಲು ಬೀಳುತ್ತೆ. ಅದಕ್ಕೇ ಕೆಟ್ಟ ಬ್ಲೇಡ್ ಜೊತೆಯನ್ನು ಎಸೆಯದೆ ಕಾಲುವೆಗೆ ಅಂತಲೇ ಇಟ್ಟಿದ್ದೇನೆ. ಆಳವಾದ ಹಲ್ಲು ಬಿದ್ದ ಬ್ಲೇಡ್ ಮಾತ್ರ ಕೈಯಲ್ಲಿ ಆಗುವ ಕೆಲಸವಲ್ಲ, ಮೆಷಿನ್‌ಗೇ ಕೊಡಿ.

ದುಡ್ಡಿನ ವಿಷಯ. ಅಂಗಡಿಯಲ್ಲಿ ಒಂದು ಸಲಕ್ಕೆ ಟ್ಯಾಕ್ಸ್ ಸೇರಿ ಸುಮಾರು 10 ಡಾಲರ್, ಇಬ್ಬರಿಗೂ ಸೇರಿ ಸೀಸನ್‌ಗೆ 400 ಹತ್ತಿರ ಹೋಗುತ್ತಿತ್ತು. ನನಗೆ ವೈಸ್‌ಗೆ 45, ರಾಡುಗಳಿಗೆ 40, ಪೇಪರ್‌ಗೆ 25 ಆಯಿತು. ಹಾಳು ಮಾಡಿದ ಬ್ಲೇಡಿನ 110 ಸೇರಿಸಿದರೂ ಮೊದಲ ಸೀಸನ್‌ನಲ್ಲೇ ದುಡ್ಡು ವಾಪಸ್.

ನಮ್ಮ ಟೀಮಿನಲ್ಲಿ ಡಿಫೆನ್ಸ್ ಆಡುವ ಗೆಳತಿಯೊಬ್ಬಳು ಮೊನ್ನೆ ಬ್ಲೇಡ್ ಕೊಟ್ಟಿದ್ದಾಳೆ. ನನಗಿಂತ ಇಪ್ಪತ್ತು ಕೆಜಿ ಜಾಸ್ತಿ ಇದ್ದಾಳೆ, 1/2 ಇಂಚಿನಲ್ಲಿ ಕೆಸರಲ್ಲಿ ಓಡಿದ ಹಾಗಾಗುತ್ತೆ ಅಂತಾಳೆ. ಅವಳಿಗೆ 3/4 ಮಾಡೋಣ ಅಂತಿದ್ದೇನೆ. ಅದಕ್ಕೆ ಒಂದೂವರೆ ಇಂಚಿನ ರಾಡು ಬೇಕು. ಅಂಗಡಿಯಲ್ಲಿ ಮೂರು ಅಡಿ ಉದ್ದದ್ದೇ ಸಿಗುವುದು, ನನಗೆ ಬೇಕಾದದ್ದು ಮೂರು ಇಂಚು. ಒಟ್ಟಾವಾ ಕಡೆ ಯಾರಿಗಾದರೂ ತುಂಡು ಬೇಕಿದ್ದರೆ ಹೇಳಿ, ಕತ್ತರಿಸಿ ಇಡುತ್ತೇನೆ.