ತವರಿಗೆ ಹೊರಟವಳು ಯಾವ ಊರಿನವಳು?

ಗರ್ಭಿಣಿಯರ ರಕ್ತಹೀನತೆಗೆ ಕೊಡುವ ಔಷಧಿಯ ಕುರಿತ ಅಧ್ಯಯನವೊಂದಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊಣೆ ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ನನ್ನ ಪಾಲಿಗೆ ಬಂದಿತ್ತು. ನೈತಿಕ ಸಮಿತಿ ಒಪ್ಪಿದ ಷರತ್ತುಗಳು ನಾಲ್ಕೇ ಸಾಲಿನವು: ವಯಸ್ಸು 18 ತುಂಬಿರಬೇಕು, ಗರ್ಭ 13ರಿಂದ 20 ವಾರದ್ದಾಗಿರಬೇಕು, ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 7ರಿಂದ 9.9 ಗ್ರಾಂ ಇರಬೇಕು, ತಾಲ್ಲೂಕಿನ ನಿವಾಸಿಯಾಗಿರಬೇಕು. ಏಳಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆಯಾದ್ದರಿಂದ ಅಂಥವರನ್ನು ಅಂದೇ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ತೊಡಕು 9.9 ಎಂಬ ಮೇಲಿನ ಗೆರೆಯಲ್ಲಿತ್ತು. ಒಬ್ಬಾಕೆಯ ಬೆರಳು ಚುಚ್ಚಿದಾಗ 10.1 ಬಂತು. ಉಚಿತ ತಪಾಸಣೆ ಕೈತಪ್ಪೀತೆಂದು ಜೊತೆಗಿದ್ದ ಆಶಾ ಕಾರ್ಯಕರ್ತೆ, "ಇನ್ನೊಮ್ಮೆ ಚುಚ್ಚಿ ನೋಡ್ರಿ ಮೇಡಂ, ಕಡಿಮಿ ಬಂದರ ಬರಬಹುದು" ಎಂದರು. ನಾನೂ ಚುಚ್ಚಿದೆ; 9.8 ಬಂತು, ಸೇರಿಸಿಕೊಂಡೆ. ಅಂದು ರಾತ್ರಿ ನಮೂನೆ ತುಂಬುವಾಗ ತಪ್ಪು ಹೊಳೆಯಿತು: ಗೆರೆಯ ಮೇಲಿದ್ದವರನ್ನಷ್ಟೇ ಮತ್ತೆ ಅಳೆದರೆ, ಅಳತೆಯ ಏರುಪೇರಿನಿಂದಲೇ ಕೆಲವರು ಒಳಬರುತ್ತಾರೆ, ಮುಂದೆ ಅವರ ಅಂಕಿ ತಾನಾಗಿ ಏರಿದಾಗ ನಾವು ಔಷಧಿಯ ಗುಣವೆಂದು ಬರೆದುಕೊಳ್ಳುತ್ತೇವೆ. ಆಕೆಯ ಸೇರ್ಪಡೆಯನ್ನು ಷರತ್ತಿನ ಉಲ್ಲಂಘನೆಯೆಂದು ಸಮಿತಿಗೆ ವರದಿ ಮಾಡಿ, ಮುಂದೆ ತೋಳಿನ ರಕ್ತದ ಒಂದೇ ಫಲಿತಾಂಶವನ್ನು ಎಣಿಸುವುದೆಂದು ಗೊತ್ತುಮಾಡಿದೆ.

ಗರ್ಭದ ವಾರಗಳನ್ನು ತಾಯಿ ಕಾರ್ಡಿನಿಂದ ತೆಗೆದುಕೊಳ್ಳುತ್ತಿದ್ದೆವು. "ಉಗಾದಿ ಆಸುಪಾಸು" ಎನ್ನುವುದಕ್ಕಿಂತ ಖಚಿತವಾಗಿ ಮುಟ್ಟಿನ ದಿನ ನೆನಪಿರದವರಿಗೆ ಸ್ಕ್ಯಾನಿಂಗ್ ಮಾಡಿಸಿದೆವು.

ನಿಜಕ್ಕೂ ನನ್ನನ್ನು ಕಾಡಿದ್ದು ಅತ್ಯಂತ ಸರಳವೆಂದುಕೊಂಡಿದ್ದ ನಾಲ್ಕನೆಯ ಸಾಲು. ಚೊಚ್ಚಲ ಬಸುರಿಯರು ಕುಬಸ (ಸೀಮಂತ) ಮುಗಿಯುತ್ತಲೇ ಬೇರೆ ತಾಲ್ಲೂಕಿನ ತವರಿಗೆ ಹೊರಡುತ್ತಿದ್ದರು. ಹೆರಿಗೆಯ ಹೊತ್ತಿನ ರಕ್ತಪರೀಕ್ಷೆಗೆ ಅವರು ಸಿಗುತ್ತಿರಲಿಲ್ಲ. ಅವರನ್ನು ಮೊದಲೇ ಬಿಟ್ಟುಬಿಡೋಣ ಎಂದು ತಂಡದವರು ಹೇಳಿದ್ದರಲ್ಲಿ ಅನುಕೂಲವಿತ್ತು, ಆದರೆ ಹಾಗೆ ಮಾಡಿದ್ದರೆ ನಮ್ಮ ಅಧ್ಯಯನ ಎರಡನೆಯ, ಮೂರನೆಯ ಬಸುರಿನವರ ಬಗ್ಗೆ ಮಾತ್ರ ಮಾತನಾಡುತ್ತಿತ್ತು. ಕೊನೆಗೆ, ತವರು ಜಿಲ್ಲೆಯೊಳಗಿದ್ದರೆ ಸೇರಿಸಿಕೊಳ್ಳುವುದು, ಆ ಊರಿನ ಹೆಸರನ್ನೂ ಅಲ್ಲಿನ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ದಿನವೇ ಬರೆದುಕೊಳ್ಳುವುದು ಎಂದು ತಿದ್ದುಪಡಿ ಬರೆದು ಸಮಿತಿಗೆ ಕಳಿಸಿದೆ. ಅದಕ್ಕೆ ಒಪ್ಪಿಗೆ ಬರುವವರೆಗೆ ಹೊಸಬರ ನೋಂದಣಿಯನ್ನು ನಿಲ್ಲಿಸಿದ್ದೆವು.