ಸೋತ ಪಕ್ಷ ಹೊಸ ನಾಯಕನನ್ನು ಆರಿಸುವುದು ಹೇಗೆ?

ಫಲಿತಾಂಶ ಬಂದ ಸಂಜೆ ಸೋತ ಪಕ್ಷದ ಕಚೇರಿಯಲ್ಲಿ ಎರಡು ಮಾತು ಕೇಳಿಸುತ್ತವೆ. ‘ಜನಾದೇಶಕ್ಕೆ ತಲೆಬಾಗುತ್ತೇವೆ’ ಅನ್ನುವುದು ಒಂದು. ‘ಮುಂದಿನ ಅಧ್ಯಕ್ಷ ಯಾರು?’ ಅನ್ನುವುದು ಇನ್ನೊಂದು. ಮೊದಲನೆಯದು ಸರಿ. ಎರಡನೆಯದನ್ನು ಆ ಸಂಜೆ ಯಾರೂ ಕೇಳಬಾರದು. ಸೋತ ಪಕ್ಷಗಳು ಎಡವುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ ಹೇಳುತ್ತಿದ್ದೇನೆ: ಚುನಾವಣೆ ಸೋತದ್ದಕ್ಕಿಂತ, ಸೋತ ಮೇಲೆ ಮಾಡಿದ ಆತುರದಿಂದ ಕೆಟ್ಟವರೇ ಜಾಸ್ತಿ.

1. ಹಳೆಯ ನಾಯಕ ರಾಜೀನಾಮೆ ಘೋಷಿಸಲಿ, ಕುರ್ಚಿ ಬಿಡುವುದು ನಿಧಾನವಾಗಲಿ

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ಇದನ್ನು ಎರಡೂ ರೀತಿ ಮಾಡಿ ನೋಡಿದೆ. 1997ರ ಮೇ ತಿಂಗಳಲ್ಲಿ ಅದು 165 ಸ್ಥಾನಕ್ಕೆ ಕುಸಿಯಿತು. ಜಾನ್ ಮೇಜರ್ ಮರುದಿನವೇ ಪಕ್ಷದ ನಾಯಕತ್ವ ಬಿಡುವುದಾಗಿ ಹೇಳಿದರು. ಜೂನ್ ಮುಗಿಯುವುದರೊಳಗೆ ವಿಲಿಯಂ ಹೇಗ್ ನಾಯಕರಾದರು. ಯಾಕೆ ಸೋತೆವು ಅಂತ ಯೋಚಿಸಲೂ ಪುರುಸೊತ್ತು ಸಿಗಲಿಲ್ಲ. 2001ರಲ್ಲಿ ಮತ್ತೆ ಸೋಲು.

2005ರಲ್ಲಿ ಸೋತಾಗ ಮೈಕೆಲ್ ಹೋವರ್ಡ್ ಬೇರೆ ದಾರಿ ಹಿಡಿದರು. ಹೋಗುತ್ತೇನೆ ಅಂದರು, ಆದರೆ ಡಿಸೆಂಬರ್‌ವರೆಗೆ ಕುರ್ಚಿಯಲ್ಲೇ ಕೂತರು. ಆ ನಡುವೆ ಎಳೆಯರಿಗೆ ದೊಡ್ಡ ಹೊಣೆ ಕೊಟ್ಟರು. ಅಕ್ಟೋಬರ್ ಸಮಾವೇಶದಲ್ಲಿ ಸ್ಪರ್ಧಿಗಳೆಲ್ಲ ಕಾರ್ಯಕರ್ತರ ಎದುರು ಮಾತಾಡಬೇಕಾಯಿತು. ಡೇವಿಡ್ ಕ್ಯಾಮರೂನ್ ಚೀಟಿ ಇಲ್ಲದೆ ಮಾತಾಡಿದರು. ಅಲ್ಲಿಯವರೆಗೆ ಮುಂದಿದ್ದ ಡೇವಿಡ್ ಡೇವಿಸ್ ಹಿಂದೆ ಬಿದ್ದರು. ಮೇ ತಿಂಗಳಲ್ಲೇ ಆಯ್ಕೆ ಮುಗಿಸಿದ್ದರೆ ಇದಕ್ಕೆಲ್ಲ ಅವಕಾಶವೇ ಇರುತ್ತಿರಲಿಲ್ಲ.

ಹಳೆಯ ನಾಯಕನನ್ನು ಇಟ್ಟುಕೊಳ್ಳಲು ಆಗದಿದ್ದರೆ ಹಂಗಾಮಿ ನಾಯಕ ಬೇಕು. ಒಂದೇ ಷರತ್ತು: ಆತ ತಾನೇ ಸ್ಪರ್ಧಿಸಬಾರದು. ಕೆನಡಾದ ಲಿಬರಲ್ ಪಕ್ಷ 2011ರಲ್ಲಿ 34 ಸ್ಥಾನಕ್ಕಿಳಿದು ಮೂರನೆಯ ಜಾಗಕ್ಕೆ ಬಿತ್ತು. ಆಗ ಹಂಗಾಮಿಯಾದ ಬಾಬ್ ರೇ ಸ್ಪರ್ಧೆಗೆ ಇಳಿಯಲಿಲ್ಲ. 2013ರ ಏಪ್ರಿಲ್‌ನಲ್ಲಿ ಜಸ್ಟಿನ್ ಟ್ರುಡೋ ನಾಯಕರಾದರು, 2015ರಲ್ಲಿ 184 ಸ್ಥಾನ ಗೆದ್ದರು. ‘ಹಂಗಾಮಿ’ ಅಂತ ಕೂತವರು ಕುರ್ಚಿಗೆ ಅಂಟಿಕೊಳ್ಳುವುದು ನಮಗೆ ಹೊಸದಲ್ಲ, ಅಲ್ವಾ? ಷರತ್ತನ್ನು ಬರೆಸಿಕೊಳ್ಳಿ.

ಸದನದ ನಾಯಕನ ವಿಷಯ ಮಾತ್ರ ಬೇರೆ. ಅಲ್ಲಿ ತಡ ಮಾಡಬೇಡಿ. ಅಧಿವೇಶನ ನಿಮಗೋಸ್ಕರ ಕಾಯುವುದಿಲ್ಲ. ಪಕ್ಷಾಧ್ಯಕ್ಷ ಮತ್ತು ಸದನದ ನಾಯಕ ಬೇರೆ ಬೇರೆ ಇರಬಹುದಾದ ಕಡೆ, ಎರಡನ್ನೂ ಒಂದೇ ಮೂಟೆ ಕಟ್ಟಿ ಆರು ತಿಂಗಳು ಎಳೆಯುವುದು ಶುದ್ಧ ಸೋಮಾರಿತನ.

2. ಸೀಟು ಬಿಡಿ, ಮತ ಎಣಿಸಿ

1993ರಲ್ಲಿ ಕೆನಡಾದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಆಳುವ ಪಕ್ಷವಾಗಿದ್ದದ್ದು ಎರಡೇ ಸ್ಥಾನಕ್ಕೆ ಇಳಿಯಿತು. ಆದರೆ ಮತ ಶೇ 16ರಷ್ಟಿತ್ತು. ಬಲಪಂಥದ ಮತ ರಿಫಾರ್ಮ್ ಪಕ್ಷದ ಜತೆ ಹಂಚಿಹೋಗಿತ್ತು. ಇಂಥ ರೋಗಕ್ಕೆ ಹೊಸ ನಾಯಕ ಮದ್ದಲ್ಲ, ವಿಲೀನ ಮದ್ದು. ಅದು ಹೊಳೆದು ನಡೆಯುವಷ್ಟರಲ್ಲಿ 2003ರ ಡಿಸೆಂಬರ್ ಆಯಿತು. 2006ರಲ್ಲಿ ವಿಲೀನವಾದ ಪಕ್ಷದ ಸ್ಟೀಫನ್ ಹಾರ್ಪರ್ ಸರ್ಕಾರ ಮಾಡಿದರು. ಮತವೇ ಕರಗಿದೆಯೋ, ಹಂಚಿಹೋಗಿದೆಯೋ ಅಂತ ನೋಡದೆ ಮುಂದಿನ ಹೆಜ್ಜೆ ಇಡಬೇಡಿ.

3. ಆತ್ಮಾವಲೋಕನ ಸಮಿತಿ

ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅಮೆರಿಕದ ರಿಪಬ್ಲಿಕನ್ ಪಕ್ಷ 2012ರ ಸೋಲಿನ ನಂತರ ದಪ್ಪ ವರದಿ ಬರೆಸಿತು. ವಲಸೆ ಕಾಯ್ದೆಯಲ್ಲಿ ಮೆತ್ತಗಾಗಬೇಕು ಅಂದಿತು ವರದಿ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅದಕ್ಕೆ ತದ್ವಿರುದ್ಧ ಮಾತಾಡಿ ಗೆದ್ದರು. ಟಿಕೆಟ್ ಹಂಚಿದವರೇ ಸಮಿತಿಯಲ್ಲಿ ಕೂತಿದ್ದರಂತೂ ಕಾಗದ ದಂಡ.

4. ಯಾರು ಮತ ಹಾಕಬೇಕು: ಎಲ್ಲರೂ ಎಡವುವುದು ಇಲ್ಲೇ

ಹೆಸರುಗಳ ಚರ್ಚೆ ಶುರುವಾಗುವ ಮೊದಲೇ ನಿಯಮ ಗಟ್ಟಿಯಾಗಬೇಕು. ಹೆಸರು ಬಂದ ಮೇಲೆ ನಿಯಮ ಮುಟ್ಟಿದರೆ, ಅದು ಯಾರೋ ಒಬ್ಬರನ್ನು ಮುಗಿಸಲು ಮಾಡಿದ್ದು ಅಂತಲೇ ಆಗುತ್ತದೆ.

ಸುಲಭವಾಗಿ ಕಾಣುವ ದಾರಿ: ಸಂಸದರು ಇಬ್ಬರನ್ನು ಉಳಿಸಲಿ, ಸದಸ್ಯರು ಒಬ್ಬರನ್ನು ಆರಿಸಲಿ. ಇದರಲ್ಲೂ ಗುಂಡಿ ಇದೆ. 2001ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಸಂಸದರ ಕೊನೆಯ ಸುತ್ತಿನಲ್ಲಿ ಕೆನ್ ಕ್ಲಾರ್ಕ್‌ಗೆ 59, ಇಯಾನ್ ಡಂಕನ್ ಸ್ಮಿತ್‌ಗೆ 54, ಮೈಕೆಲ್ ಪೋರ್ಟಿಲೋಗೆ 53 ಮತ. ಒಂದೇ ಮತದಿಂದ ಪೋರ್ಟಿಲೋ ಹೊರಗೆ. ಸದಸ್ಯರು ಡಂಕನ್ ಸ್ಮಿತ್ ಅವರನ್ನು ಶೇ 61 ಮತದಿಂದ ಗೆಲ್ಲಿಸಿದರು. ಆದರೆ ಅವರ ಬೆನ್ನಿಗೆ ಮೂರನೇ ಒಂದು ಭಾಗ ಸಂಸದರೂ ಇರಲಿಲ್ಲ. 2003ರ ಅಕ್ಟೋಬರ್‌ನಲ್ಲಿ ಅದೇ ಸಂಸದರು 90–75 ಮತದಿಂದ ಇಳಿಸಿದರು. ಒಂದು ಸಾರ್ವತ್ರಿಕ ಚುನಾವಣೆಗೂ ಅವರು ಪಕ್ಷವನ್ನು ಕೊಂಡೊಯ್ಯಲಿಲ್ಲ.

ಬ್ರಿಟನ್ನಿನದೇ ಲೇಬರ್ ಪಕ್ಷದ್ದು ಇನ್ನೊಂದು ಕಥೆ. 2015ರಲ್ಲಿ ಸ್ಪರ್ಧಿಸಲು 35 ಸಂಸದರ ಸೂಚನೆ ಬೇಕಿತ್ತು. ಜೆರೆಮಿ ಕಾರ್ಬಿನ್‌ಗೆ 36 ಸಿಕ್ಕಿತು. ಅದರಲ್ಲಿ ಕೆಲವರು ಅವರು ಗೆಲ್ಲಲಿ ಅಂತ ಸಹಿ ಹಾಕಿದವರಲ್ಲ. ‘ಚರ್ಚೆಗೆ ಎಲ್ಲ ದನಿಯೂ ಇರಲಿ’ ಅಂತ ಸುಮ್ನೆ ಸಾಲ ಕೊಟ್ಟವರು. ಕಾರ್ಬಿನ್ ಶೇ 59.5 ಮತ ಪಡೆದು ಗೆದ್ದರು. ಮೂರು ಪೌಂಡ್ ಕೊಟ್ಟು ಹೆಸರು ಬರೆಸಿದ ಬೆಂಬಲಿಗರಿಂದಲೇ ಗೆದ್ದರು ಅಂತ ಆಗ ಹೇಳಿದವರಿದ್ದಾರೆ. ಅದು ತಪ್ಪು. ಪೂರ್ಣ ಸದಸ್ಯರಲ್ಲೂ ಅವರೇ ಮುಂದಿದ್ದರು. ಮುಂದಿನ ವರ್ಷ ಸಂಸದರು 172–40 ಮತದಿಂದ ಅವಿಶ್ವಾಸ ಹೇಳಿದರು. ಸದಸ್ಯರು ಮತ್ತೆ ಅವರನ್ನೇ ಗೆಲ್ಲಿಸಿದರು. ಸದನದಲ್ಲಿ ನಾಯಕನ ಹಿಂದೆ ಕೂತವರೇ ಆತನನ್ನು ಒಪ್ಪದಿದ್ದರೆ, ಆಳುವ ಪಕ್ಷಕ್ಕೆ ಬೇರೆ ವಿರೋಧಿ ಯಾಕೆ?

ಹಾಗಾಗಿ ನಾನು ಹೇಳುವುದು ಇಷ್ಟು. ಸೂಚಕರ ಮಿತಿ ಎತ್ತರವಾಗಿರಲಿ. ಲೇಬರ್ 2021ರಲ್ಲಿ ಅದನ್ನು ಸಂಸದರ ಶೇ 20ಕ್ಕೆ ಏರಿಸಿತು, ಅದು ಸರಿಯಾದ ಅಳತೆ. ಕೊನೆಯ ಮಾತು ಸದಸ್ಯರದ್ದೇ ಆಗಲಿ. ಸದಸ್ಯರ ಪಟ್ಟಿಯನ್ನು ನಾಯಕನ ಚುನಾವಣೆ ಘೋಷಿಸುವ ದಿನಕ್ಕೆ ಮುಚ್ಚಿಬಿಡಿ. ಇಲ್ಲದಿದ್ದರೆ ಬಣಗಳು ರಾತ್ರೋರಾತ್ರಿ ಸದಸ್ಯರನ್ನು ತುಂಬಿಸುತ್ತವೆ. ಸಹಿ ಹಾಕುವವರು ತಾವು ಬೆಂಬಲಿಸುವವರಿಗೆ ಮಾತ್ರ ಹಾಕಲಿ.

‘ಒಮ್ಮತದ ಆಯ್ಕೆ’ ಅನ್ನುವ ಅಡ್ಡದಾರಿಯೂ ಇದೆ. 2003ರಲ್ಲಿ ಹೋವರ್ಡ್ ಅವಿರೋಧವಾಗಿ ಬಂದರು. ಪಕ್ಷ ಚೆಲ್ಲಾಪಿಲ್ಲಿಯಾಗಿದ್ದಾಗ ಅದು ಉಸಿರು ಉಳಿಸಿತು, ಅಷ್ಟೇ. ಗೆಲುವು ತರಲಿಲ್ಲ. ಸ್ಪರ್ಧೆ ನಡೆದರೆ ಪಕ್ಷ ಒಡೆಯುತ್ತದೆ ಅಂತ ಹೈಕಮಾಂಡ್ ಹೆದರಿಸುವುದು ಬರಿಯ ನೆಪ. 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಚುನಾವಣೆ ನಡೆಯಿತು. ಮಲ್ಲಿಕಾರ್ಜುನ ಖರ್ಗೆ 7,897 ಮತ, ಶಶಿ ತರೂರ್ 1,072 ಮತ ಪಡೆದರು. ಪಕ್ಷ ಒಡೆಯಲಿಲ್ಲ. ತರೂರ್ ಮರುವರ್ಷ ಕಾರ್ಯಕಾರಿ ಸಮಿತಿಗೆ ಬಂದರು.

5. ಸೋತವರಿಗೆ ಕೆಲಸ ಕೊಡಿ

ಕ್ಯಾಮರೂನ್ ಗೆದ್ದ ಮೇಲೂ ಡೇವಿಸ್ ನೆರಳು ಸಂಪುಟದಲ್ಲಿ (ಒಂದೊಂದು ಖಾತೆಯ ಮೇಲೆ ಕಣ್ಣಿಡುವ ವಿರೋಧ ಪಕ್ಷದ ತಂಡ) ಗೃಹ ಖಾತೆಯಲ್ಲೇ ಉಳಿದರು. ಹಳೆಯ ನಾಯಕ ಹೇಗ್‌ಗೂ ವಿದೇಶಾಂಗ ಖಾತೆ ಸಿಕ್ಕಿತು. ಮುನಿಸಿಕೊಂಡವರನ್ನು ಮೂಲೆಗೆ ಕೂರಿಸಿದರೆ ಅವರು ಮೂಲೆಯಲ್ಲಿ ಕೂರುವುದಿಲ್ಲ, ಟಿವಿ ಸ್ಟುಡಿಯೋದಲ್ಲಿ ಕೂರುತ್ತಾರೆ.

6. ಲೋಗೊ, ಘೋಷಣೆ, ಪ್ರಚಾರ ತಂತ್ರಜ್ಞರು

ಎಲ್ಲಕ್ಕಿಂತ ಕೊನೆಗೆ. ಲೇಬರ್ 1986ರಲ್ಲಿ ಕೆಂಪು ಗುಲಾಬಿಯ ಲೋಗೊ ತಂದಿತು. ಮರುವರ್ಷದ ಪ್ರಚಾರವನ್ನು ಎಲ್ಲರೂ ಹೊಗಳಿದರು. ಸ್ಥಾನ ಮಾತ್ರ 209ರಿಂದ 229ಕ್ಕೆ ಏರಿತು, ಅಷ್ಟೇ. ಪ್ರಚಾರ ಕಂಪನಿಯವರು ಸೋತ ವಾರವೇ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಕಾಫಿ ಕೊಟ್ಟು ಕಳಿಸಿ. ಆ ದುಡ್ಡಿನಲ್ಲಿ ಮೊದಲು ಬೂತ್ ಮಟ್ಟದ ಸದಸ್ಯರ ಪಟ್ಟಿ ಸರಿಮಾಡಿಸಿ. ಸತ್ತವರ ಹೆಸರು, ಪಕ್ಷ ಬಿಟ್ಟವರ ಹೆಸರು ತೆಗೆಸಿ. ನಾಲ್ಕನೆಯ ಹಂತಕ್ಕೆ ಬೇಕಾಗುವುದು ಅದೇ ಪಟ್ಟಿ.